ಸೌರ ಬಿರುಗಾಳಿಗೆ ಟಿವಿ ಸುಡುವುದಿಲ್ಲ. ಆದರೆ ಕರೆಂಟ್ ಹೋದರೆ? ನೆದರ್‌ಲ್ಯಾಂಡ್ಸ್‌ನ ಲೆಕ್ಕಾಚಾರ

ಆಮ್‌ಸ್ಟರ್‌ಡ್ಯಾಂ: ಇವತ್ತು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ ತನಕ ಮೊಬೈಲ್ ಆಫ್ ಮಾಡಿ ದೂರ ಇಡಿ, ಕಾಸ್ಮಿಕ್ ಕಿರಣ ಭೂಮಿಯ ಹತ್ತಿರ ಹಾದು ಹೋಗುತ್ತದೆ ಎನ್ನುವ ಮೆಸೇಜು ಗಲ್ಫ್ ಕನ್ನಡಿಗರ ವಾಟ್ಸಾಪ್ ಗ್ರೂಪುಗಳಿಗೆ ಹೊಸದೇನಲ್ಲ. ವರ್ಷಕ್ಕೊಮ್ಮೆಯಾದರೂ ಬರುತ್ತದೆ, ನಾಸಾ ಹೆಸರೋ ಬಿಬಿಸಿ ಹೆಸರೋ ಜೊತೆಗೆ ಅಂಟಿಕೊಂಡಿರುತ್ತದೆ. ಈಚೆಗೆ ಅದಕ್ಕೆ ಒಬ್ಬ ತಮ್ಮನೂ ಹುಟ್ಟಿದ್ದಾನೆ. ಸೂರ್ಯನಿಂದ ಬಿರುಗಾಳಿ ಬರಲಿದೆ, ಯುರೋಪಿನಲ್ಲಿ ತಿಂಗಳುಗಟ್ಟಲೆ ಇಂಟರ್ನೆಟ್ ಇರುವುದಿಲ್ಲ, ಮನೆಯ ಎಲೆಕ್ಟ್ರಾನಿಕ್ಸ್ ಎಲ್ಲ ಸುಟ್ಟುಹೋಗುತ್ತದೆ ಅಂತ. ಮಗ ಐಂಡ್‌ಹೋವನ್‌ನಲ್ಲಿ, ಮಗಳು ಆಮ್‌ಸ್ಟೆಲ್‌ವೇನ್‌ನಲ್ಲಿ ಇರುವ ದುಬೈ, ದಮ್ಮಾಮ್, ಮಂಗಳೂರಿನ ಅಪ್ಪ ಅಮ್ಮಂದಿರಿಗೆ ಇದನ್ನು ಓದಿದ ಮೇಲೆ ನಿದ್ದೆ ಬರುವುದು ಹೇಗೆ?

ಮೊದಲ ಮೆಸೇಜು ಶುದ್ಧ ಸುಳ್ಳು. ಎರಡನೆಯದರಲ್ಲಿ ಒಂದಿಷ್ಟು ಸತ್ಯ ಇದೆ, ಆದರೆ ಅದು ತಪ್ಪು ಖಾತೆಗೆ ಬಿದ್ದಿದೆ.

2024ರ ಮೇ 10, ಶುಕ್ರವಾರ ರಾತ್ರಿ ಏನಾಯಿತು ನೋಡಿ. ಐದು ಹಂತದ ಅಳತೆಯಲ್ಲಿ ಅತಿ ಮೇಲಿನ ಜಿ-5 ಮಟ್ಟದ ಭೂಕಾಂತೀಯ ಬಿರುಗಾಳಿ ಭೂಮಿಗೆ ಅಪ್ಪಳಿಸಿತು. 2003ರ ಅಕ್ಟೋಬರ್ ನಂತರ ಅಷ್ಟು ಜೋರಿನದು ಬಂದಿರಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಜನ ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಬಂದರು. ನಾರ್ವೆಗೆ ಹೋಗಿ ದುಡ್ಡು ಕೊಟ್ಟು ನೋಡುವ ಗುಲಾಬಿ, ಹಸಿರು ಬಣ್ಣದ ಧ್ರುವಪ್ರಭೆ ಮನೆಯ ಮಾಡಿನ ಮೇಲೆಯೇ ಕಂಡಿತು. ಲಡಾಖ್‌ನ ಹಾನ್ಲೆಯಲ್ಲಿರುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳಲ್ಲೂ ಕೆಂಪು ಆಕಾಶ ಸೆರೆಯಾಯಿತು. ಮರುದಿನ ಬೆಳಿಗ್ಗೆ ಆಮ್‌ಸ್ಟರ್‌ಡ್ಯಾಂನಲ್ಲಿ ಟ್ರಾಮ್ ಓಡಿತು, ವೈಫೈ ಇತ್ತು, ಫ್ರಿಜ್ಜಿನಲ್ಲಿ ಹಾಲು ತಣ್ಣಗೇ ಇತ್ತು. ಯಾರ ಮನೆಯ ಟಿವಿಯೂ ಸುಡಲಿಲ್ಲ.

ಹಾಗಂತ ಎಲ್ಲೂ ಏನೂ ಆಗಲಿಲ್ಲ ಎಂದಲ್ಲ. ಅಮೆರಿಕದಲ್ಲಿ ಬಿತ್ತನೆಯ ಹೊತ್ತಿಗೆ ಸರಿಯಾಗಿ ಟ್ರ್ಯಾಕ್ಟರುಗಳ ಜಿಪಿಎಸ್ ಕೈಕೊಟ್ಟು ರೈತರು ಕೆಲಸ ನಿಲ್ಲಿಸಬೇಕಾಯಿತು. ನ್ಯೂಜಿಲೆಂಡ್‌ನಲ್ಲಿ ಮುನ್ನೆಚ್ಚರಿಕೆಯಾಗಿ ಕೆಲವು ವಿದ್ಯುತ್ ಮಾರ್ಗಗಳನ್ನೇ ಬಂದ್ ಮಾಡಿದರು. ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯಲ್ಲಿ ಇಸ್ರೋದವರು 30 ಭೂಸ್ಥಿರ ಉಪಗ್ರಹಗಳ ಮೇಲೆ ಕಣ್ಣಿಟ್ಟು ಕೂತಿದ್ದರು; ದೊಡ್ಡ ತೊಂದರೆ ಕಾಣಲಿಲ್ಲ, ಎರಡು ಇನ್ಸಾಟ್ ಉಪಗ್ರಹಗಳ ಒಂದು ಸೆನ್ಸರನ್ನು ಮಾತ್ರ ಎಚ್ಚರಿಕೆಗಾಗಿ ಆಫ್ ಮಾಡಿದ್ದರು.

ಡಚ್ಚರಿಗೆ ಈ ಬೆಳಕು ಹೊಸತೂ ಅಲ್ಲ. 1938ರ ಜನವರಿ ಕೊನೆಯಲ್ಲಿ ಯುರೋಪಿನ ಆಕಾಶವೆಲ್ಲ ಕೆಂಪಾದಾಗ ಅಲ್ಲಿನ ಜನ ರಾಜಕುಮಾರಿ ಯೂಲಿಯಾನಾಳ ಹೆರಿಗೆಗೆ ಕಾಯುತ್ತಿದ್ದರು, ಇದು ಶುಭಶಕುನ ಎಂದು ಸಂಭ್ರಮಿಸಿದರು. ಕೆಲವೇ ದಿನಗಳಲ್ಲಿ, ಜನವರಿ 31ಕ್ಕೆ, ಮುಂದೆ ರಾಣಿಯಾದ ಬೇಯಾಟ್ರಿಕ್ಸ್ ಹುಟ್ಟಿದಳು. ಆಗ ಮನೆಯಲ್ಲಿ ಇದ್ದದ್ದು ರೇಡಿಯೋ, ದೀಪ. ಈಗ ಮನೆಯ ಬೀಗವೂ ಆ್ಯಪ್‌ನಿಂದ ತೆರೆಯುವ ಕಾಲ.

ಇನ್ನು ಅಸಲು ವಿಷಯ. ಕರಾವಳಿಯವರಿಗೆ ಸಿಡಿಲು ಗೊತ್ತು. ಮೇ ತಿಂಗಳಲ್ಲಿ ಮೋಡ ಕಪ್ಪಾದರೆ ಸಾಕು, ಮನೆಯ ಹಿರಿಯರು ಟಿವಿಯ ಪ್ಲಗ್ ಕೀಳು, ಕೇಬಲ್ ತೆಗೆ ಅಂತ ಕೂಗುತ್ತಾರೆ. ಸಿಡಿಲು ಕ್ಷಣದಲ್ಲಿ ಬಂದು ಹತ್ತಿರದ ತಂತಿಗೆ ಸಾವಿರಾರು ವೋಲ್ಟ್ ನುಗ್ಗಿಸುತ್ತದೆ. ಸೌರ ಬಿರುಗಾಳಿಯ ಜಾತಿಯೇ ಬೇರೆ. ಸೂರ್ಯನಿಂದ ಹೊರಟ ಕಾಂತೀಯ ಮೋಡ ಹದಿನೈದು ಕೋಟಿ ಕಿಲೋಮೀಟರ್ ದಾಟಿ ಬರಲು ಒಂದರಿಂದ ಮೂರು ದಿನ ಬೇಕು. 1859ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಕಣ್ಣಾರೆ ಸೂರ್ಯನ ಸ್ಫೋಟ ನೋಡಿದಾಗ ಬಂದದ್ದು ಸುಮಾರು ಹದಿನೇಳೂವರೆ ಗಂಟೆಯಲ್ಲಿ. ಅದು ತೀರಾ ಅವಸರದ್ದು. ಅದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ. ಆ ಅಲುಗಾಟದಿಂದ ನೆಲದಲ್ಲಿ, ನೆಲಕ್ಕೆ ಅರ್ಥಿಂಗ್ ಆಗಿರುವ ಉದ್ದ ತಂತಿಗಳಲ್ಲಿ ನಿಧಾನಗತಿಯ ವಿದ್ಯುತ್ ಹರಿಯುತ್ತದೆ. ಉದ್ದ ಎನ್ನುವುದೇ ಇಲ್ಲಿ ಎಲ್ಲ.

ಲೆಕ್ಕ ಹಾಕಿ ನೋಡಬಹುದು. ಭಾರಿ ಬಿರುಗಾಳಿಯಲ್ಲಿ ಕಿಲೋಮೀಟರಿಗೆ ಹತ್ತು ವೋಲ್ಟ್ ಹುಟ್ಟಿತು ಎಂದಿಟ್ಟುಕೊಳ್ಳಿ. ಮನೆಯೊಳಗಿನ ಇಪ್ಪತ್ತು ಮೀಟರ್ ವೈರಿಗೆ ಸಿಗುವ ಪಾಲು 0.2 ವೋಲ್ಟ್. ಟಾರ್ಚಿನ ಒಂದು ಸೆಲ್ಲಿನಲ್ಲಿ ಇರುವುದೇ ಒಂದೂವರೆ ವೋಲ್ಟ್. ಕೈಯಲ್ಲಿರುವ ಮೊಬೈಲಿಗೆ, ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಅದು ಲೆಕ್ಕಕ್ಕೇ ಇಲ್ಲ. ಮೊಬೈಲನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಇಡಿ ಎಂಬ ಸಲಹೆ ಅಣುಬಾಂಬಿನ ವಿದ್ಯುತ್ಕಾಂತೀಯ ಹೊಡೆತದ ಕಥೆಯಿಂದ ಎತ್ತಿದ್ದು, ಸೂರ್ಯನಿಗೂ ಅದಕ್ಕೂ ಸಂಬಂಧವಿಲ್ಲ. ಹಾಳೆ ಚಪಾತಿಗೆ ಇರಲಿ.

ಅದೇ ಹತ್ತು ವೋಲ್ಟನ್ನು ಸಾವಿರ ಕಿಲೋಮೀಟರ್ ಲೈನಿಗೆ ಗುಣಿಸಿದರೆ ಹತ್ತು ಸಾವಿರ ಆಗುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಆದದ್ದು ಈ ಜಾತಿಯ ಹೊಡೆತ. ದೊಡ್ಡ ಟ್ರಾನ್ಸ್‌ಫಾರ್ಮರುಗಳು ಸೆಕೆಂಡಿಗೆ 50 ಅಥವಾ 60 ಸಲ ದಿಕ್ಕು ಬದಲಿಸುವ ಕರೆಂಟಿಗೆ ಮಾಡಿದವು. ನೆಲದಿಂದ ಏರಿ ಬರುವ ಈ ಒಂದೇ ದಿಕ್ಕಿನ ಕರೆಂಟು ಅವಕ್ಕೆ ಹಿಡಿಸುವುದಿಲ್ಲ. ಒಳಗೆ ಬಿಸಿಯೇರುತ್ತದೆ, ಜಾಲದ ವೋಲ್ಟೇಜ್ ಹದ ತಪ್ಪುತ್ತದೆ, ರಕ್ಷಣೆಗೆಂದು ಇಟ್ಟ ಸ್ವಿಚ್ಚುಗಳು ಒಂದೊಂದಾಗಿ ಬೀಳುತ್ತವೆ. ಕ್ವಿಬೆಕ್‌ನ ಇಡೀ ಜಾಲ ಸುಮಾರು ತೊಂಬತ್ತು ಸೆಕೆಂಡಿನಲ್ಲಿ ಮಲಗಿತು. ಅರವತ್ತು ಲಕ್ಷ ಜನರಿಗೆ ಒಂಬತ್ತು ಗಂಟೆ ಕತ್ತಲೆ, ಹೊರಗೆ ಹಿಮ. 2003ರ ಅಕ್ಟೋಬರ್ 30ರಂದು ಸ್ವೀಡನ್ನಿನ ಮಾಲ್ಮೋದಲ್ಲಿ ಸುಮಾರು 50 ಸಾವಿರ ಗ್ರಾಹಕರಿಗೆ ಕರೆಂಟ್ ಹೋಯಿತು, ಒಂದು ಗಂಟೆಯೊಳಗೆ ಬಂತು. ಮಾಲ್ಮೋ ಆಮ್‌ಸ್ಟರ್‌ಡ್ಯಾಂಗಿಂತ ಮೂರು ಡಿಗ್ರಿಯಷ್ಟೇ ಉತ್ತರಕ್ಕಿದೆ.

ಹಾಗಾದರೆ ನೆದರ್‌ಲ್ಯಾಂಡ್ಸ್‌ಗೆ ಅಪಾಯ ಎಷ್ಟು? ಸಮಾಧಾನದ ಅಂಶಗಳು ಇವೆ. ದೇಶ ಚಿಕ್ಕದು, ಅದರಿಂದ ಲೈನುಗಳೂ ಗಿಡ್ಡ. ಕ್ವಿಬೆಕ್‌ನಲ್ಲಿ ನೆಲದಡಿ ಗಟ್ಟಿ ಬಂಡೆ. ಕರೆಂಟು ಬಂಡೆಯಲ್ಲಿ ಹರಿಯಲಾರದೆ ತಂತಿಗೆ ಹತ್ತುತ್ತದೆ. ಹಾಲೆಂಡಿನ ನೆಲವೋ ನೀರು ಕುಡಿದ ಮರಳು, ಜೇಡಿ. ಕರೆಂಟಿಗೆ ನೆಲದಲ್ಲೇ ದಾರಿ ಸಿಗುತ್ತದೆ. ಸಮುದ್ರದ ಜೊತೆ ಶತಮಾನಗಟ್ಟಲೆ ಜಗಳವಾಡಿದ ಒದ್ದೆ ಮಣ್ಣೇ ಇಲ್ಲಿ ಉಪಕಾರಕ್ಕೆ ಬಂದಿದೆ. ಉತ್ತುಂಗ ವೋಲ್ಟೇಜಿನ ಜಾಲ ನೋಡಿಕೊಳ್ಳುವುದು ಟೆನ್ನೆಟ್ ಎಂಬ ಸಂಸ್ಥೆ. ಡ ಬಿಲ್ಟ್ ಊರಿನ ರಾಷ್ಟ್ರೀಯ ಹವಾಮಾನ ಸಂಸ್ಥೆ ಕೆಎನ್‌ಎಂಐ ಮಳೆಗಾಳಿಯ ಜೊತೆ ಬಾಹ್ಯಾಕಾಶದ ಹವಾಮಾನವನ್ನೂ ಗಮನಿಸುತ್ತದೆ.

ಆದರೆ ಯುರೋಪಿನ ಜಾಲದಲ್ಲಿ ಯಾವ ದೇಶವೂ ಒಂಟಿ ಮನೆಯಲ್ಲ, ಎಲ್ಲ ಒಂದೇ ಗೋಡೆಯ ಸಾಲುಮನೆ. 2006ರ ನವೆಂಬರ್ 4ರ ರಾತ್ರಿ ಡಚ್ ಗಡಿಯ ಹತ್ತಿರ ಜರ್ಮನಿಯ ಎಮ್ಸ್ ನದಿಯಲ್ಲಿ ಒಂದು ಐಷಾರಾಮಿ ಹಡಗು ದಾಟಲಿ ಅಂತ ಮೇಲಿನ ಲೈನನ್ನು ಆಫ್ ಮಾಡಿದರು. ಉಳಿದ ಲೈನುಗಳ ಮೇಲೆ ಭಾರ ಬಿದ್ದು, ಸ್ಪೇನಿನ ತನಕ ಒಂದೂವರೆ ಕೋಟಿ ಮನೆಗಳ ದೀಪ ಆರಿತು. ಒಂದು ಹಡಗಿಗೇ ಇಷ್ಟಾದರೆ, ಸ್ಕ್ಯಾಂಡಿನೇವಿಯಾದಿಂದ ಜರ್ಮನಿ ತನಕ ಏಕಕಾಲಕ್ಕೆ ಹತ್ತಾರು ಟ್ರಾನ್ಸ್‌ಫಾರ್ಮರ್ ಅಲುಗಿದರೆ ಡಚ್ ಗಡಿಯಲ್ಲಿ ಅದು ನಿಲ್ಲುತ್ತದೆಂದು ಯಾರೂ ಬರೆದುಕೊಡಲಾರರು.

ಕರೆಂಟ್ ಹೋದರೆ ಆ ದೇಶದಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಊಹೆ ಬೇಡ, ಉದಾಹರಣೆ ಇದೆ. 2015ರ ಮಾರ್ಚ್ 27ರ ಬೆಳಿಗ್ಗೆ ಡೀಮೆನ್ ಎಂಬಲ್ಲಿನ ಒಂದೇ ಸಬ್‌ಸ್ಟೇಷನ್ನಿನ ದೋಷದಿಂದ ಆಮ್‌ಸ್ಟರ್‌ಡ್ಯಾಂ ಸುತ್ತಲಿನ ಸುಮಾರು ಹತ್ತು ಲಕ್ಷ ಮನೆಗಳು ಕತ್ತಲಾದವು. ಸ್ಕಿಪೋಲ್‌ನಲ್ಲಿ ವಿಮಾನ ನಿಂತಿತು, ರೈಲು, ಟ್ರಾಮ್ ನಿಂತಿತು. ಅದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. ಕರೆಂಟು ಬರತೊಡಗಿದ ಮೇಲೂ ರೈಲುಗಳ ಅಸ್ತವ್ಯಸ್ತ ಇಡೀ ದಿನ ಎಳೆಯಿತು.

ನಮ್ಮೂರಲ್ಲಿ ಮೆಸ್ಕಾಂನವರು ಕರೆಂಟ್ ತೆಗೆದರೆ ಯಾರೂ ಗಾಬರಿ ಬೀಳುವುದಿಲ್ಲ. ಸಿಲಿಂಡರ್ ಇದೆ, ಬಾವಿ ಇದೆ, ಇನ್ವರ್ಟರ್ ಇದೆ, ಇಲ್ಲವಾದರೆ ಚಿಮಿಣಿ ದೀಪ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ 2018ರ ಜುಲೈಯಿಂದೀಚೆಗೆ ಅನುಮತಿ ಕೇಳಿದ ಹೊಸ ಮನೆಗಳಿಗೆ ಗ್ಯಾಸ್ ಸಂಪರ್ಕವೇ ಇಲ್ಲ. ಅಡುಗೆ ಇಂಡಕ್ಷನ್ನಿನಲ್ಲಿ, ಬಿಸಿ ಹೀಟ್‌ಪಂಪಿನಲ್ಲಿ. ಹಳೆ ಗ್ಯಾಸ್ ಬಾಯ್ಲರು ಕೂಡ ಕರೆಂಟಿಲ್ಲದೆ ಚಾಲೂ ಆಗುವುದಿಲ್ಲ. ಮೂರರಲ್ಲಿ ಒಂದು ಮನೆಯ ಮಾಡಿನ ಮೇಲೆ ಸೋಲಾರ್ ಪ್ಯಾನೆಲ್ ಇದೆಯಲ್ಲ ಅಂತ ಕೇಳಬಹುದು. ಹೊಸದಾಗಿ ಹೋದ ನಮ್ಮವರಲ್ಲಿ ಅನೇಕರಿಗೆ ತಿಳಿಯದ ಸಂಗತಿ ಇದೇ: ಜಾಲದ ಕರೆಂಟ್ ಹೋದ ಕೂಡಲೇ ಮಾಮೂಲಿ ಸೋಲಾರ್ ಇನ್ವರ್ಟರು ತಾನೂ ಆಫ್ ಆಗುತ್ತದೆ. ಲೈನ್ ರಿಪೇರಿ ಮಾಡುವವನಿಗೆ ಶಾಕ್ ಹೊಡೆಯಬಾರದೆಂದು ಮಾಡಿದ ವ್ಯವಸ್ಥೆ ಅದು. ಹೊರಗೆ ಭರ್ಜರಿ ಬಿಸಿಲು, ಒಳಗೆ ಅನ್ನ ಬೇಯುವುದಿಲ್ಲ. ಜಾಲದಿಂದ ಬೇರೆಯಾಗಿ ನಡೆಯುವ ಬ್ಯಾಟರಿ ವ್ಯವಸ್ಥೆಗೆ ಪ್ರತ್ಯೇಕ ಖರ್ಚು ಮಾಡಿದವರಿಗೆ ಮಾತ್ರ ಬೆಳಕು.

(ದೇಶದ ಕಾಲು ಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಪಂಪು ನಿಂತರೆ ಮುಳುಗುತ್ತದಲ್ಲ ಎನ್ನುವವರಿಗೆ: ಅನೇಕ ಕಡೆ ಡೀಸೆಲ್ ಪಂಪುಗಳಿವೆ. ಲೆಮ್ಮರ್‌ನಲ್ಲಿ 1920ರ ಹಬೆಯಂತ್ರದ ಪಂಪ್‌ಹೌಸನ್ನು ನೀರು ತೀರಾ ಏರಿದಾಗ ಈಗಲೂ ಓಡಿಸುತ್ತಾರೆ. ಹಳತನ್ನು ಗುಜರಿಗೆ ಹಾಕದಿರುವುದರಲ್ಲಿ ಡಚ್ಚರು ಜಾಣರು.)

ಇಂಟರ್ನೆಟ್ ವಿಷಯಕ್ಕೆ ಬರೋಣ. 2021ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನ ಸಂಗೀತಾ ಅಬ್ದು ಜ್ಯೋತಿ ಮಂಡಿಸಿದ ಪ್ರಬಂಧವೇ ಈ ಎಲ್ಲ ಫಾರ್ವರ್ಡ್‌ಗಳ ಮೂಲ. ಗ್ಲಾಸಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ಅದಕ್ಕೆ ಸೂರ್ಯ ಏನೂ ಮಾಡಲಾರ. ಆದರೆ ಸಮುದ್ರದಡಿಯ ಕೇಬಲ್ಲಿನಲ್ಲಿ ಐವತ್ತು, ನೂರು ಕಿಲೋಮೀಟರಿಗೊಂದು ಬೆಳಕು ಹೆಚ್ಚಿಸುವ ಪೆಟ್ಟಿಗೆ ಇರುತ್ತದೆ. ಅದಕ್ಕೆ ಕರೆಂಟು ಕೊಡಲು ಕೇಬಲ್ಲಿನುದ್ದಕ್ಕೂ ತಾಮ್ರ ಇರುತ್ತದೆ. ಉದ್ದ ತಂತಿ, ಎರಡೂ ಕಡೆ ಅರ್ಥಿಂಗ್. ಅಟ್ಲಾಂಟಿಕ್ ದಾಟುವಂಥ, ಉತ್ತರದಲ್ಲಿ ಹಾದುಹೋಗುವ ಉದ್ದ ಕೇಬಲ್‌ಗಳು ಅಪಾಯದಲ್ಲಿವೆ, ಸಿಂಗಾಪುರದ ಮೂಲಕ ಹರಡಿದ ಏಷ್ಯಾದ ಜಾಲ ಅಷ್ಟು ಅಪಾಯದಲ್ಲಿಲ್ಲ ಎಂದು ಅವರು ತೋರಿಸಿದರು. ಮರುವರ್ಷ ಗೂಗಲ್‌ನ ಎಂಜಿನಿಯರುಗಳು ತಮ್ಮದೇ ಕೇಬಲ್‌ಗಳ ವೋಲ್ಟೇಜ್ ದಾಖಲೆ ತೆಗೆದು ನೋಡಿ, ಕ್ಯಾರಿಂಗ್ಟನ್ ಮಟ್ಟದ್ದು ಬಂದರೂ ತಾಳಿಕೊಳ್ಳಬಹುದು ಎಂದು ಉತ್ತರ ಬರೆದರು. 1989ರ ಬಿರುಗಾಳಿಯಲ್ಲಿ ಅಟ್ಲಾಂಟಿಕ್‌ನ ಟಿಎಟಿ-8 ಕೇಬಲ್ಲಿನಲ್ಲಿ ಸುಮಾರು 700 ವೋಲ್ಟ್ ಏರುಪೇರಾಗಿತ್ತು. ಕೇಬಲ್ ಕೆಲಸ ಮಾಡುತ್ತಲೇ ಇತ್ತು. ಮೊದಲ ಪ್ರಬಂಧ ಲೋಕವಿಡೀ ಸುತ್ತಿತು, ಎರಡನೆಯದನ್ನು ಫಾರ್ವರ್ಡ್ ಮಾಡಿದವರು ಕಡಿಮೆ.

ನೆದರ್‌ಲ್ಯಾಂಡ್ಸ್ ಮಟ್ಟಿಗೆ ಇನ್ನೊಂದು ಅನುಕೂಲ ಇದೆ. ಜಗತ್ತಿನ ದೊಡ್ಡ ಇಂಟರ್ನೆಟ್ ಸಂತೆಗಳಲ್ಲಿ ಒಂದಾದ ಎಎಂಎಸ್-ಐಎಕ್ಸ್ ಆಮ್‌ಸ್ಟರ್‌ಡ್ಯಾಂನಲ್ಲೇ ಇದೆ, ಸುತ್ತ ಡೇಟಾ ಸೆಂಟರುಗಳ ಗುಂಪೇ ಇದೆ. ಅಟ್ಲಾಂಟಿಕ್ ಕಡಿದುಹೋದರೂ ಯುರೋಪಿನೊಳಗೆ ನೆಲದ ಮೇಲಿನ ದಾರಿ ಹಲವು. ಸಮಸ್ಯೆ ಇರುವುದು ಕೊನೆಯ ನೂರು ಮೀಟರಿನಲ್ಲಿ. ಡೇಟಾ ಸೆಂಟರಿಗೆ ಜನರೇಟರ್ ಇದೆ, ಮನೆಯ ರೂಟರಿಗೆ ಇಲ್ಲ. ಮೊಬೈಲ್ ಟವರಿನ ಬ್ಯಾಟರಿ ಗಂಟೆಗಳ ಲೆಕ್ಕದ್ದು, ದಿನಗಳ ಲೆಕ್ಕದ್ದಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್, ಪೋರ್ಚುಗಲ್ ಪೂರ್ತಿ ಕತ್ತಲಾದಾಗ ಆದದ್ದು ಹೀಗೆ: ಮೊದಲು ದೀಪ, ಆಮೇಲೆ ಕಾರ್ಡ್ ಮೆಷಿನ್, ಸಂಜೆಯೊಳಗೆ ಮೊಬೈಲ್. ಅದನ್ನೂ ಕೆಲವರು ಸೂರ್ಯನ ತಲೆಗೆ ಕಟ್ಟಿದರು. ತನಿಖೆಯಲ್ಲಿ ಸಿಕ್ಕಿದ್ದು ಜಾಲದ ಅತಿ ವೋಲ್ಟೇಜು.

ಕರೆಂಟ್ ಇದ್ದೂ ಕೈಕೊಡಬಹುದು. 2019ರ ಜೂನ್ 24ರಂದು ಕೆಪಿಎನ್ ಜಾಲದ ದೋಷದಿಂದ ತುರ್ತು ಸಂಖ್ಯೆ 112 ಕೆಲವು ಗಂಟೆ ಸಿಗಲೇ ಇಲ್ಲ. ಬದಲಿ ಸಂಖ್ಯೆ ಕೊಡಲು ಸರ್ಕಾರ ಎಲ್ಲರ ಮೊಬೈಲಿಗೆ ಕಳುಹಿಸಿದ ಎನ್‌ಎಲ್-ಅಲರ್ಟ್‌ನಲ್ಲಿ ಒಂದು ಪತ್ರಿಕೆಯ ಸುದ್ದಿ ವಿಭಾಗದ ನಂಬರ್ ಸೇರಿಹೋಗಿತ್ತು. ಶ್ರೀಮಂತ ದೇಶ ಅಂದಮಾತ್ರಕ್ಕೆ ಎಲ್ಲ ಕರಾರುವಾಕ್ ಎಂದು ತಿಳಿಯಬೇಕಿಲ್ಲ.

ಗಲ್ಫ್‌ನಿಂದ ಹಾಲೆಂಡಿಗೆ ವಿಡಿಯೋ ಕಾಲ್ ಮಾಡುವವರಿಗೆ ಸೂರ್ಯನಿಗಿಂತ ಹತ್ತಿರದ ಶತ್ರು ಕೆಂಪು ಸಮುದ್ರದಲ್ಲಿದೆ. 2025ರ ಸೆಪ್ಟೆಂಬರ್ 6ರಂದು ಜೆಡ್ಡಾ ಬಳಿ ಕೇಬಲ್‌ಗಳು ತುಂಡಾಗಿ ಯುಎಇಯಲ್ಲಿ ಎತಿಸಲಾತ್, ಡು ಗ್ರಾಹಕರ ಇಂಟರ್ನೆಟ್ ತೆವಳಿದ್ದು ಓದುಗರಿಗೆ ನೆನಪಿರಬಹುದು. ಹಡಗಿನ ಲಂಗರು ಕಾರಣ ಇರಬೇಕು ಎನ್ನಲಾಯಿತು. ಯುರೋಪಿನಲ್ಲಿರುವ ಮಗ ಫೋನಿಗೆ ಸಿಗದಿದ್ದರೆ ಅವನ ಮನೆಯಲ್ಲೇ ತೊಂದರೆ ಆಗಿರಬೇಕೆಂದಿಲ್ಲ, ದಾರಿಯಲ್ಲಿ ಆಗಿರಬಹುದು.

ಆಕಾಶದಲ್ಲಿರುವ ವಸ್ತುಗಳಿಗೆ ಮಾತ್ರ ಸೂರ್ಯನ ಪೆಟ್ಟು ನೇರ. 2022ರ ಫೆಬ್ರವರಿಯಲ್ಲಿ ಸ್ಟಾರ್‌ಲಿಂಕ್ ಹಾರಿಸಿದ 49 ಉಪಗ್ರಹಗಳಲ್ಲಿ 40ರ ತನಕ ಸಾಧಾರಣ ಬಿರುಗಾಳಿಗೇ ಉದುರಿದವು. ಕಾದ ವಾತಾವರಣ ಉಬ್ಬಿ ಅವುಗಳ ವೇಗಕ್ಕೆ ಬ್ರೇಕ್ ಹಾಕಿತು. 2025ರ ನವೆಂಬರ್ 28ರಂದು ಏರ್‌ಬಸ್ ಸಂಸ್ಥೆ ತೀವ್ರ ಸೌರ ವಿಕಿರಣದಿಂದ ನಿಯಂತ್ರಣದ ಡೇಟಾ ಕೆಡಬಹುದೆಂದು ಹೇಳಿ ಎ320 ಕುಟುಂಬದ ಸುಮಾರು ಆರು ಸಾವಿರ ವಿಮಾನಗಳಿಗೆ ತುರ್ತು ಬದಲಾವಣೆ ಮಾಡಿಸಿತು. ಇಂಡಿಗೋ, ಏರ್ ಇಂಡಿಯಾ ವಿಮಾನಗಳೂ ಅದರಲ್ಲಿದ್ದವು. ನೆಲದ ಮೇಲಿನ ಮನೆಗೆ ವಾತಾವರಣವೆಂಬ ದಪ್ಪ ಕಂಬಳಿ ಇದೆ, ಆ ಕಷ್ಟ ಇಲ್ಲಿಲ್ಲ.

ಈಗ ಲೆಕ್ಕಪುಸ್ತಕ ತೆರೆಯೋಣ. ಕ್ಯಾರಿಂಗ್ಟನ್ ಮಟ್ಟದ ಬಿರುಗಾಳಿ ಹತ್ತು ವರ್ಷದೊಳಗೆ ಬರುವ ಸಾಧ್ಯತೆ ಶೇ 12 ಎಂದು ಪೀಟ್ ರೈಲಿ 2012ರಲ್ಲಿ ಅಂದಾಜಿಸಿದ್ದರು. ನಂತರದ ಅಂದಾಜುಗಳು ಅದಕ್ಕಿಂತ ಕಡಿಮೆ. ಅಂಥದ್ದು ಬಂದರೆ ಉತ್ತರ ಅಮೆರಿಕಕ್ಕೆ 0.6ರಿಂದ 2.6 ಲಕ್ಷ ಕೋಟಿ ಡಾಲರ್ ನಷ್ಟ ಎಂದು ಲಂಡನ್ನಿನ ಲಾಯ್ಡ್ಸ್ ವಿಮಾ ಸಂಸ್ಥೆ 2013ರಲ್ಲಿ ಲೆಕ್ಕ ಕೊಟ್ಟಿತ್ತು. ಸಾಧ್ಯತೆ ಸಣ್ಣದು, ಮೊತ್ತ ದೊಡ್ಡದು. ಬ್ಯಾಲೆನ್ಸ್ ಶೀಟಿನ ಕೆಳಗೆ ಟಿಪ್ಪಣಿಯಲ್ಲಿ ತೋರಿಸುವ ಕಂಟಿಂಜೆಂಟ್ ಲಯಬಿಲಿಟಿ ಥರ: ಈ ವರ್ಷದ ಲಾಭದಿಂದ ಕಳೆಯಬೇಕಿಲ್ಲ, ಮರೆಯುವ ಹಾಗೂ ಇಲ್ಲ. ದೊಡ್ಡ ಟ್ರಾನ್ಸ್‌ಫಾರ್ಮರಿನ ಚಿಂತೆ ಟೆನ್ನೆಟ್‌ನದು. ಮನೆಯ ಖಾತೆಯಲ್ಲಿ ಬರುವುದು ಮೂರು ದಿನ ಮಾತ್ರ.

ಮೂರು ದಿನ ಎನ್ನುವುದು ಡಚ್ ಸರ್ಕಾರದ್ದೇ ಲೆಕ್ಕ. 2025ರ ನವೆಂಬರ್ ಕೊನೆಯಿಂದ ದೇಶದ ಮನೆಮನೆಗೆ ತುರ್ತುಸ್ಥಿತಿಯ ಪುಸ್ತಿಕೆ ಅಂಚೆಯಲ್ಲಿ ಬಂತು: 72 ಗಂಟೆ ಯಾರ ಸಹಾಯವೂ ಇಲ್ಲದೆ ಇರುವುದು ಹೇಗೆ ಅಂತ. ಡಚ್ ಭಾಷೆಯ ಕಾಗದ, ತೆರಿಗೆ ಇಲಾಖೆಯ ನೀಲಿ ಲಕೋಟೆಯೂ ಅಲ್ಲ. ಜಾಹೀರಾತು ಎಂದುಕೊಂಡು ಹಳೆ ಪೇಪರಿನ ಡಬ್ಬಕ್ಕೆ ಹಾಕಿದವರು ಇದ್ದರೆ ಆಶ್ಚರ್ಯವಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಅಲ್ಲಿನ ಕೇಂದ್ರ ಬ್ಯಾಂಕ್ ಇನ್ನೂ ಖಚಿತವಾಗಿ ಹೇಳಿತ್ತು: ಮನೆಯಲ್ಲಿ ದೊಡ್ಡವರಿಗೆ ತಲಾ 70 ಯೂರೋ, ಮಕ್ಕಳಿಗೆ ತಲಾ 30 ಯೂರೋ ನಗದು ಇಡಿ. ಗಂಡ ಹೆಂಡತಿ, ಇಬ್ಬರು ಮಕ್ಕಳಿಗೆ 200 ಯೂರೋ. ಎಲ್ಲದಕ್ಕೂ ಪಿನ್ ಕಾರ್ಡ್ ತಟ್ಟುವ ಊರಿನಲ್ಲಿ ಕೇಂದ್ರ ಬ್ಯಾಂಕೇ ನೋಟು ಇಡಿ ಅನ್ನುವುದು ಸಣ್ಣ ಮಾತಲ್ಲ. ಐದು, ಹತ್ತರ ನೋಟುಗಳೇ ಇರಲಿ; ಕತ್ತಲಲ್ಲಿ ಐವತ್ತಕ್ಕೆ ಚಿಲ್ಲರೆ ಕೊಡುವವರು ಯಾರು?

ಉಳಿದದ್ದು ನಮ್ಮವರಿಗೆ ಕಷ್ಟವೇ ಅಲ್ಲ. ಅವಲಕ್ಕಿ, ಹುರಿಹಿಟ್ಟು, ಚಕ್ಕುಲಿ, ಉಪ್ಪಿನಕಾಯಿ ಡಬ್ಬ ಎಲ್ಲ ಕನ್ನಡದ ಮನೆಗಳಲ್ಲೂ ಇರುತ್ತದೆ. ಬೇಯಿಸದೆ ತಿನ್ನುವ ವಿದ್ಯೆ ಅಜ್ಜಿಯಿಂದ ಬಂದದ್ದು. ಕುಡಿಯುವ ನೀರು, ಟಾರ್ಚ್, ಪವರ್ ಬ್ಯಾಂಕ್, ಬ್ಯಾಟರಿಯ ರೇಡಿಯೋ ಬೇಕು. ಪಾಸ್‌ಪೋರ್ಟ್, ನಿವಾಸ ಪರವಾನಗಿ, ವಿಮೆಯ ಜೆರಾಕ್ಸ್ ಕಾಗದದಲ್ಲಿರಲಿ, ಕ್ಲೌಡಿನಲ್ಲಿ ಇರುವುದು ಆ ದಿನ ಸಿಗುವುದಿಲ್ಲ. ಕರೆಂಟ್ ಹೋದಾಗ ಕಂಪ್ಯೂಟರ್, ಟಿವಿ, ಫ್ರಿಜ್ ಪ್ಲಗ್ ತೆಗೆದು, ಕರೆಂಟ್ ಬಂದು ಹತ್ತು ನಿಮಿಷ ಕಳೆದ ಮೇಲೆ ಹಾಕಿ. ಸುಡುವುದಿದ್ದರೆ ಬರುವಾಗಿನ ವೋಲ್ಟೇಜ್ ಏರಿಳಿತಕ್ಕೆ ಸುಡುತ್ತದೆ. ಅಜ್ಜ ಹೇಳಿದ ಪ್ಲಗ್ ಪಾಠ ಇಲ್ಲಿ ಸರಿ, ಕಾರಣ ಮಾತ್ರ ಬೇರೆ.

ಕುವೈತ್, ಮಸ್ಕತ್, ಊರು ಎಂದು ಹಂಚಿಹೋದ ಕುಟುಂಬಗಳು ಒಂದು ಮಾತು ಮೊದಲೇ ಆಡಿಕೊಳ್ಳಬೇಕು. ಯುರೋಪಿನಲ್ಲಿ ದೊಡ್ಡ ಪವರ್‌ಕಟ್ ಸುದ್ದಿ ಬಂದರೆ ಮೂರು ದಿನ ಉತ್ತರ ಬಾರದಿದ್ದರೂ ಗಾಬರಿಯಾಗುವುದು ಬೇಡ. ಮಗ ಒಬ್ಬರಿಗೆ ಮಾತ್ರ ಎಸ್ಸೆಮ್ಮೆಸ್ ಹಾಕುತ್ತಾನೆ, ಅವರು ಉಳಿದವರಿಗೆ ತಿಳಿಸುತ್ತಾರೆ. ಬಳಲಿದ ಜಾಲದಲ್ಲಿ ವಾಟ್ಸಾಪ್ ಕಾಲ್ ಹೋಗದಿದ್ದರೂ ಎಸ್ಸೆಮ್ಮೆಸ್ ನುಸುಳುತ್ತದೆ. ಹತ್ತು ಜನ ನೂರು ಸಲ ಕರೆ ಮಾಡಿದರೆ ಮಗನ ಮೊಬೈಲಿನ ಕೊನೆಯ ಶೇ 5 ಚಾರ್ಜೂ ಮುಗಿಯುತ್ತದೆ.

ಈಗಿನ ಸೌರಚಕ್ರ ಶಿಖರದ ಹಂತ ತಲುಪಿದೆಯೆಂದು ನಾಸಾ 2024ರ ಅಕ್ಟೋಬರ್‌ನಲ್ಲಿ ಹೇಳಿತು. ಶಿಖರ ಇಳಿದ ಮೇಲೂ ದೊಡ್ಡ ಬಿರುಗಾಳಿ ಬರುವುದುಂಟು. 2003ರದ್ದು ಬಂದದ್ದು ಹಾಗೇ ಇಳಿಯುವ ಕಾಲದಲ್ಲಿ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಮ್ಮ ಆದಿತ್ಯ-ಎಲ್1 ಸೇರಿ ಕೆಲವು ನೌಕೆಗಳು ಕಾವಲಿವೆ, ಆದರೆ ಮೋಡ ಅವನ್ನು ದಾಟಿದ ಮೇಲೆ ನಮಗೆ ಉಳಿಯುವುದು ಕಾಲು ಗಂಟೆಯಿಂದ ಒಂದು ಗಂಟೆ. ಸೂರ್ಯನನ್ನು ಪಕ್ಕದಿಂದ ನೋಡಿ ದಿನಗಳ ಮೊದಲೇ ಎಚ್ಚರಿಸಬಲ್ಲ ವಿಜಿಲ್ ಎಂಬ ನೌಕೆಯನ್ನು ಐರೋಪ್ಯ ಬಾಹ್ಯಾಕಾಶ ಸಂಸ್ಥೆ ಸಿದ್ಧಪಡಿಸುತ್ತಿದೆ. ಅದರ ಉಡಾವಣೆ 2031ಕ್ಕೆ ನಿಗದಿಯಾಗಿದೆ.